ತೊಟ್ಟಿಲು ಮತ್ತು ಗಡಿ: ಶಿಶುಮರಣದ ಪ್ರಾದೇಶಿಕ ಅಂತರಗಳ ಒಂದು ಚರಿತ್ರೆ

ಗಡಿನಾಡಿನ ಕನ್ನಡಿಗರಾದ ನಾವು ನಮ್ಮ ಚರಿತ್ರೆಯನ್ನು ಹೇಳಹೊರಟಾಗಲೆಲ್ಲ 1956ನೆಯ ಇಸವಿಯ ನವೆಂಬರ್ ಒಂದನೆಯ ತಾರೀಕಿನಿಂದ ತೊಡಗುವುದು ರೂಢಿ. ಅಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದರ ಒಡಹುಟ್ಟುಗಳಾದ ಮಂಗಳೂರು, ಪುತ್ತೂರು ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸಲ್ಲತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದುದು, ಕಯ್ಯಾರ ಕಿಞ್ಞಣ್ಣ ರೈಗಳಂತಹ ಹಿರಿಯರು ಅದಕ್ಕಾಗಿ ಜೀವಮಾನವಿಡೀ ದನಿಯೆತ್ತಿದುದು, ಶಿಫಾರಸು ಕಡತದಲ್ಲೇ ಉಳಿದುದು, ಇವೆಲ್ಲವೂ ಇಂತಹ ಸಂಚಿಕೆಗಳ ಓದುಗರು ಚೆನ್ನಾಗಿ ಬಲ್ಲ ಸಂಗತಿಗಳು.

ಪ್ರಸ್ತುತ ಲೇಖನದಲ್ಲಿ ನಾವು ಅದೇ ಗಡಿಯನ್ನು ಬೇರೊಂದು ಲೆಕ್ಕದ ಪುಸ್ತಕವನ್ನು ತೆರೆದು ನೋಡಬಯಸುತ್ತೇವೆ. ಅದು ಹಸುಳೆಗಳ ಲೆಕ್ಕ. ಜೀವಂತವಾಗಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಎಷ್ಟು ಶಿಶುಗಳು ಮೊದಲ ವರ್ಷ ತುಂಬುವ ಮುನ್ನ ತೀರಿಕೊಂಡವು ಎಂಬ ಸಂಖ್ಯೆಯನ್ನು ಶಿಶುಮರಣ ಪ್ರಮಾಣವೆಂದು ಕರೆಯುತ್ತಾರೆ. ಒಂದು ನಾಡಿನ ನೀರು, ಅನ್ನ, ಶಾಲೆ, ರಸ್ತೆ, ಆಸ್ಪತ್ರೆ, ಹೆಣ್ಣಿನ ಸ್ಥಾನಮಾನ ಇವೆಲ್ಲವನ್ನೂ ಒಟ್ಟಾಗಿ ಅಳೆಯಬಲ್ಲ ಅಳತೆಗೋಲು ಇದರಂತಹುದು ಮತ್ತೊಂದಿಲ್ಲ. ಈ ಕೋಲಿನಿಂದ ಅಳೆದಾಗ ಕನ್ನಡ ಮಾತನಾಡುವ ನೆಲದ ಮೇಲೆ ಕಾಣಿಸುವ ಆಳವಾದ ಗೆರೆ ತಲಪಾಡಿಯಲ್ಲಿ ಹಾದುಹೋಗುವುದಿಲ್ಲ. ಅದಕ್ಕಿಂತ ಹಳೆಯವೂ ಆಳವಾದವೂ ಆದ ಬೇರೆ ಗೆರೆಗಳಿವೆ. ಅವನ್ನು ಎಳೆದವರು ಯಾರು, ಅಳಿಸಿದವರು ಯಾರು ಎಂಬುದೇ ನಮ್ಮ ವಿಷಯ.

ಹೆಸರುಗಳು ಹೇಳುವ ಇತಿಹಾಸ

ಅಂಕಿಅಂಶಗಳು ಇಲ್ಲದ ಕಾಲಕ್ಕೂ ಸಾಕ್ಷ್ಯವುಂಟು. ಗುಂಡ, ಕಲ್ಲ, ತಿಪ್ಪ ಮೊದಲಾದ ಹೆಸರುಗಳು ಕನ್ನಡ ನಾಡಿನ ಉದ್ದಗಲಕ್ಕೂ ಇವೆ. ಇವುಗಳಲ್ಲಿ ಕೆಲವು ದೇವರ ಹರಕೆಯಿಂದ ಬಂದವು, ನಿಜ. ಆದರೆ ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಹೋದ ಮನೆಯಲ್ಲಿ ಮುಂದಿನ ಕೂಸಿಗೆ ಯಮನ ಕಣ್ಣು ತಾಗದಿರಲೆಂದು ತಿಪ್ಪೆಯ ಹೆಸರನ್ನೋ ಕಲ್ಲಿನ ಹೆಸರನ್ನೋ ಇಡುವ ಪದ್ಧತಿಯಿತ್ತೆಂಬುದೂ ಅಷ್ಟೇ ನಿಜ. ಮುದ್ದಿನ ಮಗುವಿಗೆ ಒಲ್ಲದ ಹೆಸರನ್ನಿಡಬೇಕಾಗಿ ಬಂದ ತಾಯಂದಿರ ಸಂಖ್ಯೆಯನ್ನು ಯಾವ ಜನಗಣತಿಯೂ ಬರೆದುಕೊಳ್ಳಲಿಲ್ಲ.

ನಾವು ಅಧ್ಯಾಪಕ ವೃತ್ತಿಯನ್ನು ಹಿಡಿದ ಕಾಲದಲ್ಲಿ ಶಾಲೆಗೆ ಮಕ್ಕಳನ್ನು ಸೇರಿಸಲು ಬರುತ್ತಿದ್ದ ಅಜ್ಜಿಯರನ್ನು ಎಷ್ಟು ಮಕ್ಕಳೆಂದು ಕೇಳಿದರೆ ಉತ್ತರ ಎರಡು ಸಂಖ್ಯೆಗಳಲ್ಲಿ ಬರುತ್ತಿತ್ತು: ಹೆತ್ತದ್ದು ಇಷ್ಟು, ಉಳಿದದ್ದು ಇಷ್ಟು. ಅವರ ಮೊಮ್ಮಕ್ಕಳ ತಾಯಂದಿರು ಒಂದೇ ಸಂಖ್ಯೆಯಲ್ಲಿ ಉತ್ತರಿಸುವುದನ್ನೂ ನಾವು ಕೇಳಿದೆವು. ಎರಡು ಸಂಖ್ಯೆಗಳು ಒಂದಾದುದು ನಮ್ಮ ಸೀಮೆಯ ದೊಡ್ಡ ಸಾಮಾಜಿಕ ಕ್ರಾಂತಿ. ಅದಕ್ಕೆ ಮೆರವಣಿಗೆಯಿರಲಿಲ್ಲ, ಘೋಷಣೆಯಿರಲಿಲ್ಲ. ಹಾಗಾಗಿ ಅದನ್ನು ಚರಿತ್ರೆಯೆಂದು ನಾವು ಗಣಿಸಲೂ ಇಲ್ಲ.

ಮದ್ರಾಸು ಪ್ರಾಂತದಲ್ಲಿ ಜನನ ಮರಣಗಳ ನೋಂದಣಿಗೆ 1899ರಷ್ಟು ಹಿಂದೆಯೇ ಕಾನೂನಿತ್ತು. ಗ್ರಾಮದ ಪಟೇಲರ ಪುಸ್ತಕದಲ್ಲಿ ಸಾವುಗಳು ಅಷ್ಟಿಷ್ಟು ದಾಖಲಾಗುತ್ತಿದ್ದುವು. ಆದರೆ ಹೆಸರಿಡುವ ಮುನ್ನವೇ ಕಣ್ಮುಚ್ಚಿದ ಕೂಸಿನ ಸಾವನ್ನು ಹೇಳಲು ಹೋಗುವವರು ವಿರಳ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಸರ್ ಜೋಸೆಫ್ ಬೋರ್ ಅವರ ಅಧ್ಯಕ್ಷತೆಯ ಸಮಿತಿ ದೇಶದ ಆರೋಗ್ಯಸ್ಥಿತಿಯ ವರದಿಯನ್ನು ಒಪ್ಪಿಸಿತು. ಅದರಲ್ಲಿ ಕೊಟ್ಟ 1937ರ ಅಂಕಿಗಳ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಶಿಶುಗಳಲ್ಲಿ 162 ವರ್ಷ ತುಂಬುವ ಮೊದಲೇ ಸಾಯುತ್ತಿದ್ದುವು. ಇಂಗ್ಲೆಂಡಿನಲ್ಲಿ 58, ನ್ಯೂಜಿಲೆಂಡಿನಲ್ಲಿ 31. ಒಂದೇ ಚಕ್ರಾಧಿಪತ್ಯದ ಒಳಗೆ ಐದು ಪಟ್ಟಿನ ಅಂತರ. ಕೂಸಿನ ಮೈಯಲ್ಲಿ ಅಂತಹ ಭೇದವೇನೂ ಇರಲಿಲ್ಲ. ಭೇದವಿದ್ದುದು ಅದು ಹುಟ್ಟಿದ ನೆಲದ ವ್ಯವಸ್ಥೆಯಲ್ಲಿ.

ಕೇರಳವೆಂಬ ಒಂದು ರಾಜ್ಯ, ಎರಡು ಪೂರ್ವಚರಿತ್ರೆಗಳು

ಶಿಶುಮರಣದ ಮಾತು ಬಂದಾಗ ಕೇರಳವನ್ನು ಮಾದರಿಯೆಂದು ಹೊಗಳುವುದು ವಾಡಿಕೆ. ಆ ಹೊಗಳಿಕೆ ಯುಕ್ತವೇ. ಆದರೆ ಕೇರಳವೆಂಬುದು 1956ರಲ್ಲಿ ಮೂರು ನೆಲಗಳು ಕೂಡಿ ಆದ ರಾಜ್ಯ: ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ಮೊದಲೇ ಒಂದಾಗಿದ್ದುವು, ಅವಕ್ಕೆ ಬ್ರಿಟಿಷರ ಮಲಬಾರು ಜಿಲ್ಲೆ, ಜೊತೆಗೆ ನಮ್ಮ ಕಾಸರಗೋಡು ತಾಲೂಕು ಸೇರಿದುವು. ಈ ಭಾಗಗಳ ನಡುವೆ ಅಂತರ ಬಹಳವಿತ್ತು.

ತಿರುವಾಂಕೂರಿನಲ್ಲಿ ರಾಣಿ ಗೌರಿ ಪಾರ್ವತೀ ಬಾಯಿಯವರು 1817ರಲ್ಲೇ ಪ್ರಜೆಗಳ ಶಿಕ್ಷಣದ ವೆಚ್ಚವನ್ನು ಸರ್ಕಾರ ಹೊರಬೇಕೆಂದು ನಿರೂಪ ಹೊರಡಿಸಿದರು. 1879ರಲ್ಲಿ ಸರ್ಕಾರಿ ನೌಕರರು, ವಿದ್ಯಾರ್ಥಿಗಳು ಮತ್ತು ಕೈದಿಗಳು ಸಿಡುಬಿನ ಲಸಿಕೆ ಹಾಕಿಸಿಕೊಳ್ಳುವುದು ಕಡ್ಡಾಯವಾಯಿತು. ಮಿಷನರಿಗಳ ಶಾಲೆ ಆಸ್ಪತ್ರೆಗಳು ಹಳ್ಳಿಗಳನ್ನು ಮುಟ್ಟಿದುವು. ನಾರಾಯಣ ಗುರುಗಳು ಈಳವ ಸಮಾಜವನ್ನು ವಿದ್ಯೆಯ ಕಡೆಗೆ ತಿರುಗಿಸಿದರು. ಅಯ್ಯನ್‌ಕಾಳಿಯವರು ಪುಲಯರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿಸಲು ಹೋರಾಡಿದರು. ಲಂಡನ್ನಿನಲ್ಲಿ ವೈದ್ಯಪದವಿ ಪಡೆದ ಡಾಕ್ಟರ್ ಮೇರಿ ಪುನ್ನನ್ ಲೂಕೋಸ್ ಅವರು 1938ರಲ್ಲಿ ತಿರುವಾಂಕೂರಿನ ಸರ್ಜನ್ ಜನರಲ್ ಆದರು. ಇಡೀ ಸಂಸ್ಥಾನದ ವೈದ್ಯಕೀಯ ಇಲಾಖೆಯ ಚುಕ್ಕಾಣಿಯನ್ನು ಒಬ್ಬ ಮಹಿಳೆಯ ಕೈಗೆ ಕೊಡುವುದು ಆ ಕಾಲಕ್ಕೆ ಸಾಮಾನ್ಯವಾದ ಮಾತಲ್ಲ. ಹೆರಿಗೆಗೆ ವೈದ್ಯೆಯನ್ನು, ದಾದಿಯನ್ನು ಕರೆಯುವುದು ಮರ್ಯಾದೆಗೆ ಕುಂದಲ್ಲವೆಂಬ ಭಾವನೆ ಅಲ್ಲಿ ಹೀಗೆ ಬೇರೂರಿತು.

ಮಲಬಾರಿನ ಕಥೆ ಬೇರೆ. ಅದು ಮದ್ರಾಸು ಪ್ರಾಂತದ ದೂರದ ಪಶ್ಚಿಮದ ಜಿಲ್ಲೆ. ಅಲ್ಲಿ ಜನ್ಮಿಗಳ ಹಿಡಿತ ಬಿಗಿಯಾಗಿತ್ತು. ಶಾಲೆ ಮತ್ತು ಆಸ್ಪತ್ರೆಗಳಿಗೆ ಸರ್ಕಾರದ ವೆಚ್ಚ ಬಿಗಿಹಿಡಿದ ಕೈಯದಾಗಿತ್ತು. ರಾಜ್ಯ ಒಂದಾದಾಗ ಮಲಬಾರಿನ ಸಾಕ್ಷರತೆ ತಿರುವಾಂಕೂರು ಕೊಚ್ಚಿಗಳಿಗಿಂತ ಬಹಳ ಕೆಳಗೂ ಮರಣಪ್ರಮಾಣ ಬಹಳ ಮೇಲೂ ಇತ್ತು. ಭಾಷೆ ಒಂದೇ, ಮಳೆ ಒಂದೇ, ತೆಂಗು ಮರಗೆಣಸಿನ ಊಟವೂ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಕೂಸಿನ ಆಯುಷ್ಯ ಒಂದಾಗಿರಲಿಲ್ಲ. ಟಿ.ಎನ್. ಕೃಷ್ಣನ್, ಎಂ. ಕಬೀರ್ ಮುಂತಾದ ಅರ್ಥಶಾಸ್ತ್ರಜ್ಞರು ಈ ಎರಡು ಭಾಗಗಳನ್ನು ಹೋಲಿಸಿ ನೋಡಿ, 1956ರ ಅನಂತರ ಶಾಲೆಗಳೂ ಆಸ್ಪತ್ರೆಗಳೂ ಉತ್ತರಕ್ಕೆ ಹಬ್ಬಿದಂತೆ ಅಂತರ ಕಿರಿದಾಯಿತೆಂದು ತೋರಿಸಿದ್ದಾರೆ. 1957ರಲ್ಲಿ ಕೋಝಿಕ್ಕೋಡಿನಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 1970ರ ಜನವರಿ ಒಂದರಿಂದ ಜಾರಿಗೆ ಬಂದ ಭೂಸುಧಾರಣೆ ಒಕ್ಕಲುಗಳನ್ನು ಭೂಮಿಯ ಒಡೆಯರನ್ನಾಗಿಯೂ ಕುಡಿಕಿಡಪ್ಪುಕಾರರನ್ನು, ಎಂದರೆ ಇತರರ ಹಿತ್ತಿಲಲ್ಲಿ ಗುಡಿಸಲು ಕಟ್ಟಿದ್ದವರನ್ನು, ತಮ್ಮ ಮನೆಯಡಿಯ ಒಡೆಯರನ್ನಾಗಿಯೂ ಮಾಡಿತು. ಎಬ್ಬಿಸಿ ಓಡಿಸುವ ಭಯವಿಲ್ಲದ ಮನೆಯಲ್ಲಿ ಬಾವಿ ತೋಡಬಹುದು, ಕಕ್ಕಸು ಕಟ್ಟಬಹುದು, ಬಾಣಂತಿಯನ್ನು ನಲವತ್ತು ದಿನ ನೆಮ್ಮದಿಯಿಂದ ಮಲಗಿಸಬಹುದು.

ಇಲ್ಲಿ ನಮ್ಮ ತಾಲೂಕಿನ ಹಳೆಯ ಜಿಲ್ಲೆಯನ್ನು ನೆನೆಯಬೇಕು. ದಕ್ಷಿಣ ಕನ್ನಡವೂ ಮದ್ರಾಸು ಪ್ರಾಂತದ್ದೇ ಆದರೂ ಅದಕ್ಕೆ ತನ್ನದೇ ಆದ ಬಂಡವಾಳವಿತ್ತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ತೆರೆಯಿತು. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಔಷಧಾಲಯ ಆರಂಭವಾಯಿತು. ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಏಳಿಗೆಗಾಗಿ ಸಂಸ್ಥೆ ಕಟ್ಟಿ ಶಾಲೆಗಳನ್ನು ನಡೆಸಿದರು. ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಹೆಣ್ಣಿಗೆ ತವರಿನ ಆಸರೆ ಗಟ್ಟಿಯಾಗಿತ್ತು. ಮುಂದೆ ಬೀಡಿ ಕಟ್ಟುವ ಕೆಲಸ, ಗೇರುಬೀಜದ ಕಾರ್ಖಾನೆಯ ಕೆಲಸ ಹೆಂಗಸರ ಕೈಗೆ ವಾರದ ಬಟವಾಡೆ ತಂದುವು. ಚಾಲಗೇಣಿಯ ಒಕ್ಕಲುಗಳಿಗೆ ತಲಪಾಡಿಯಿಂದ ಈಚೆ ಕೇರಳದ ಕಾನೂನಿನಿಂದಲೂ ಆಚೆ ದೇವರಾಜ ಅರಸರ 1974ರ ಕಾನೂನಿನಿಂದಲೂ ಭೂಮಿ ದೊರೆಯಿತು. ಎರಡು ರಾಜ್ಯಗಳ ಪಾಲಾದ ಈ ಕರಾವಳಿಯ ಸೋದರ ತಾಲೂಕುಗಳು ಶಿಶುಗಳ ಲೆಕ್ಕದಲ್ಲಿ ಸುಮಾರಾಗಿ ಒಂದೇ ದಾರಿಯಲ್ಲಿ ನಡೆದುದಕ್ಕೆ ಈ ಸಮಾನ ಬಂಡವಾಳವೇ ಕಾರಣವೆಂದು ನಮಗೆ ತೋರುತ್ತದೆ.

ಏಕೀಕರಣವಾದರೂ ಒಂದಾಗದ ಲೆಕ್ಕ

ಈಗ ಕರ್ನಾಟಕದತ್ತ ತಿರುಗೋಣ. 1956ರಲ್ಲಿ ಒಂದಾದ ನಾಡು ಅದಕ್ಕೆ ಮುಂಚೆ ಐದು ಆಡಳಿತಗಳಲ್ಲಿ ಹಂಚಿಹೋಗಿತ್ತು: ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು ಮತ್ತು ಕೊಡಗು. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿತು. 1930ರಲ್ಲಿ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಹೆರಿಗೆಗೂ ಮಕ್ಕಳಿಗೂ ಮೀಸಲಾಗಿ ನಿಂತಿತು. ನಿಜಾಮರ ಆಳ್ವಿಕೆಯ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಲ್ಲಿ ಸಾಮಾನ್ಯ ರೈತನ ಮಗುವಿಗೆ ಶಾಲೆಯೇ ಅಪರೂಪ. ಇದ್ದಲ್ಲಿಯೂ ಮೇಲಿನ ತರಗತಿಗಳ ಬೋಧನೆ ಉರ್ದುವಿನಲ್ಲಿ. 1951ರ ಜನಗಣತಿಯ ಹೊತ್ತಿಗೆ ಇಡೀ ಹೈದರಾಬಾದು ರಾಜ್ಯದಲ್ಲಿ ಹತ್ತು ಜನರಲ್ಲಿ ಒಬ್ಬರಿಗೆ ಅಕ್ಷರ ಬಂದಿದ್ದರೆ ಹೆಚ್ಚು. ಮನೆಯ ಮಾತಿನಲ್ಲಿ ಓದಲು ಕಲಿಯದ ತಾಯಿಗೆ ಮಗುವಿನ ಆರೈಕೆಯ ಕುರಿತ ಒಂದು ಕರಪತ್ರವನ್ನಾದರೂ ತಲುಪಿಸುವ ದಾರಿಯಿರಲಿಲ್ಲ.

ಆ ಗೆರೆ ಏಕೀಕರಣದಿಂದ ಅಳಿಯಲಿಲ್ಲ. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟ ಡಾಕ್ಟರ್ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಕಲಬುರಗಿ ವಿಭಾಗದವು. 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯ ಜಿಲ್ಲಾಪಟ್ಟಿಯಲ್ಲಿ ದಕ್ಷಿಣ ಕನ್ನಡ ಎರಡನೆಯ ಸ್ಥಾನದಲ್ಲಿತ್ತು, ರಾಯಚೂರು ಕೊನೆಯಲ್ಲಿತ್ತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಮಹಿಳೆಯರಲ್ಲಿ ಶೇಕಡ 84 ಮಂದಿ ಅಕ್ಷರಸ್ಥರು. ಯಾದಗಿರಿಯಲ್ಲಿ ಶೇಕಡ 41. ಒಂದೇ ಸರ್ಕಾರ, ಒಂದೇ ಪಠ್ಯಪುಸ್ತಕ, ಒಂದೇ ನಾಡಗೀತೆ. ತಾಯಂದಿರ ಅಕ್ಷರದ ಲೆಕ್ಕದಲ್ಲಿ ಎರಡು ಪಟ್ಟು ಅಂತರ.

ಅಂಕಿಗಳು ಹೇಳುವುದೇನು?

ದೇಶದ ಮಾದರಿ ನೋಂದಣಿ ವ್ಯವಸ್ಥೆ 1970ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದ ಬಳಿಕ ನಂಬಬಹುದಾದ ಹೋಲಿಕೆ ಸಾಧ್ಯವಾಯಿತು. 1971ರಲ್ಲಿ ಸಾವಿರ ಶಿಶುಗಳಿಗೆ ಭಾರತದ ಸರಾಸರಿ ಮರಣ 129. ಉತ್ತರಪ್ರದೇಶದಲ್ಲಿ 167, ತಮಿಳುನಾಡಿನಲ್ಲಿ 113, ಆಂಧ್ರಪ್ರದೇಶದಲ್ಲಿ 106, ಮಹಾರಾಷ್ಟ್ರದಲ್ಲಿ 105, ಕರ್ನಾಟಕದಲ್ಲಿ 95, ಕೇರಳದಲ್ಲಿ 58. ಇಪ್ಪತ್ತು ವರ್ಷಗಳ ಬಳಿಕ, 1991ರಲ್ಲಿ, ಭಾರತ 80, ಕರ್ನಾಟಕ 77, ತಮಿಳುನಾಡು 57, ಕೇರಳ 16. 2020ರಲ್ಲಿ ಭಾರತ 28, ಆಂಧ್ರಪ್ರದೇಶ 24, ತೆಲಂಗಾಣ 21, ಕರ್ನಾಟಕ 19, ಮಹಾರಾಷ್ಟ್ರ 16, ತಮಿಳುನಾಡು 13, ಕೇರಳ 6, ಗೋವಾ 5. ಅದೇ ವರ್ಷ ಮಧ್ಯಪ್ರದೇಶದಲ್ಲಿ 43.

ಈ ಸಾಲುಗಳಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಹಣವೊಂದೇ ಕಾರಣವಲ್ಲವೆಂಬುದು. 1970ರ ದಶಕದಲ್ಲಿ ಕೇರಳದ ತಲಾ ಆದಾಯ ದೇಶದ ಸರಾಸರಿಗಿಂತ ಕೆಳಗಿತ್ತು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1975ರಲ್ಲಿ ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿದ ವರದಿ ಈ ವಿಚಿತ್ರವನ್ನು ಜಗತ್ತಿನ ಮುಂದಿಟ್ಟಿತು: ಬಡರಾಜ್ಯದಲ್ಲಿ ಶಿಶುಗಳು ಹೆಚ್ಚು ಬದುಕುತ್ತಿದ್ದುವು. ಎರಡನೆಯದು, ಹಿಂದೆ ಬಿದ್ದವರು ಮುಂದೆ ಬರಬಲ್ಲರೆಂಬುದು. 1971ರಲ್ಲಿ ಕರ್ನಾಟಕಕ್ಕಿಂತ ಹಿಂದಿದ್ದ ತಮಿಳುನಾಡು ಇಪ್ಪತ್ತೇ ವರ್ಷಗಳಲ್ಲಿ ಅದನ್ನು ದಾಟಿತು. ದೇಶದಲ್ಲೇ ಮೊದಲನೆಯದಾದ 1939ರ ಮದ್ರಾಸು ಸಾರ್ವಜನಿಕ ಆರೋಗ್ಯ ಕಾಯಿದೆಯ ಪರಂಪರೆ, ಗ್ರಾಮ ಆರೋಗ್ಯ ದಾದಿಯರ ಜಾಲ, 1982ರಲ್ಲಿ ವಿಸ್ತರಿಸಿದ ಪೌಷ್ಟಿಕ ಊಟದ ಯೋಜನೆ ಇವೆಲ್ಲ ಅದಕ್ಕೆ ನೆರವಾದುವು. ತಾಳವಾಡಿಯ, ಹೊಸೂರಿನ, ನೀಲಗಿರಿಯ ಕನ್ನಡ ಮನೆಗಳ ಹಸುಳೆಗಳೂ ಆ ಫಲದಲ್ಲಿ ಪಾಲುಗೊಂಡಿವೆ.

ಕಾರಣಗಳ ಕೂಡುವಿಕೆ

ಶಿಶುವಿನ ಸಾವಿಗೆ ವೈದ್ಯರು ಬರೆಯುವ ಕಾರಣಗಳು ಬೇರೆ. ಅವುಗಳ ಹಿಂದೆ ನಿಂತಿರುವ ಕಾರಣಗಳು ಬೇರೆ. ಹಿಂದೆ ಹುಟ್ಟಿದ ಒಂದೆರಡು ವಾರಗಳಲ್ಲಿ ಕೂಸು ಮೊಲೆ ಚೀಪುವುದನ್ನು ಬಿಟ್ಟು ಮೈ ಸೆಡೆತು ಸತ್ತರೆ ಬಾಲಗ್ರಹವೆನ್ನುತ್ತಿದ್ದರು. ಬಹಳಷ್ಟು ಪ್ರಸಂಗಗಳಲ್ಲಿ ಅದು ಹೊಕ್ಕುಳಬಳ್ಳಿಯನ್ನು ಕುದಿಸದ ಕತ್ತಿಯಿಂದ ಕೊಯ್ದುದರಿಂದ ತಗಲಿದ ಧನುರ್ವಾಯು. ಸೂಲಗಿತ್ತಿಯ ಕೈಗುಣವನ್ನು ನಾವು ಹೀಗಳೆಯಲಾರೆವು. ಎಷ್ಟೋ ಹಳ್ಳಿಗಳಿಗೆ ಅವಳೊಬ್ಬಳೇ ಗತಿಯಾಗಿದ್ದಳು. ಆದರೆ ಬಸುರಿಗೆ ಕೊಟ್ಟ ಎರಡು ಚುಚ್ಚುಮದ್ದು ಮತ್ತು ಒಂದು ಹೊಸ ಬ್ಲೇಡು ಗ್ರಹಶಾಂತಿಯಿಂದಾಗದುದನ್ನು ಸಾಧಿಸಿದುವು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೃಢಪಡಿಸಿತು.

ಆದರೆ ಆ ಚುಚ್ಚುಮದ್ದು ಯಾವ ಮನೆಗೆ ಮೊದಲು ತಲುಪಿತು, ಯಾವ ಮನೆಗೆ ಕೊನೆಗೆ? ಇಲ್ಲಿಯೇ ಸಾಮಾಜಿಕ ಕಾರಣಗಳು ಬರುತ್ತವೆ. ಆಸ್ಟ್ರೇಲಿಯದ ಜನಸಂಖ್ಯಾಶಾಸ್ತ್ರಜ್ಞ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಿ.ಎಚ್. ರೆಡ್ಡಿ ಅವರು ಕರ್ನಾಟಕದ ಹಳ್ಳಿಗಳಲ್ಲಿ ನೆಲೆನಿಂತು ಅಧ್ಯಯನ ನಡೆಸಿ 1988ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ತಾಯಿಯ ಓದು ಮಗುವನ್ನು ಉಳಿಸುವ ಬಗೆಯನ್ನು ಕಾಲ್ಡ್‌ವೆಲ್ ಅವರ ಬರಹಗಳು ಸ್ಪಷ್ಟಪಡಿಸುತ್ತವೆ. ಓದಿದ ಸೊಸೆ ಮಗುವಿಗೆ ಜ್ವರ ಬಂದುದನ್ನು ಹೇಳಲು ಅತ್ತೆಯ ಅಪ್ಪಣೆಗೆ ಕಾಯುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಳುಕುವುದಿಲ್ಲ. ಕೊಟ್ಟ ಔಷಧಿಯಿಂದ ಗುಣವಾಗದಿದ್ದರೆ ಮರುದಿನ ಮತ್ತೆ ಹೋಗುತ್ತಾಳೆ. ಶಾಲೆ ಅವಳಿಗೆ ಕಲಿಸಿದ್ದು ಆರೋಗ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಧೈರ್ಯವನ್ನು. ನಾಲ್ಕನೆಯ ತರಗತಿಗೆ ಬಿಡಿಸಿಕೊಂಡು ಹೋದ ಹುಡುಗಿಗೂ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೂ ಇರುವ ಈ ವ್ಯತ್ಯಾಸವನ್ನು ಅಧ್ಯಾಪಕರಾದ ನಾವು ಕಣ್ಣಾರೆ ಕಂಡಿದ್ದೇವೆ.

ಓದಿನ ಬೆನ್ನಿಗೆ ಮದುವೆಯ ವಯಸ್ಸು ಬರುತ್ತದೆ. ಹದಿನಾರರ ಹುಡುಗಿಯ ಕೂಸು ತೂಕ ಕಡಮೆಯಾಗಿ, ದಿನ ತುಂಬದೆ ಹುಟ್ಟುವ ಸಂಭವ ಹೆಚ್ಚು. ಆಮೇಲೆ ಕೂಲಿ: ದಿನದ ಕೂಲಿಯನ್ನು ಬಿಟ್ಟರೆ ಒಲೆ ಉರಿಯದ ಮನೆಯ ತಾಯಿ ಎಳೆಗೂಸನ್ನು ಆಸ್ಪತ್ರೆಗೆ ಒಯ್ಯುವುದು ಕಡೆಯ ಗಳಿಗೆಯಲ್ಲಿ. ಆಮೇಲೆ ನೀರು: ಮನೆಯಂಗಳದ ಬಾವಿಯಿರುವ ಕರಾವಳಿಗೂ ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಜತ್ತ, ಮಡಕಶಿರಾಗಳಿಗೂ ವಾಂತಿಭೇದಿಯ ಲೆಕ್ಕ ಒಂದಾಗಲಾರದು. ಆಮೇಲೆ ಜಾತಿ: ಊರ ಹೊರಗಿನ ಕೇರಿಗೆ ದಾದಿ ಕೊನೆಯಲ್ಲಿ ಹೋಗುತ್ತಾಳೆ. ಎಲ್ಲಕ್ಕೂ ಮೇಲೆ, ಕೇಳುವ ಹಕ್ಕು. ಮಾನವಶಾಸ್ತ್ರಜ್ಞೆ ಜೋನ್ ಮೆಂಚರ್ 1980ರಲ್ಲಿ ಬರೆದಂತೆ, ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಲವು ದಿನ ವೈದ್ಯರು ಬರದಿದ್ದರೆ ಜನ ಮೆರವಣಿಗೆ ಹೊರಡುತ್ತಿದ್ದರು. ಬೇರೆಡೆಗಳಲ್ಲಿ ಬೀಗ ಹಾಕಿದ ಆರೋಗ್ಯ ಕೇಂದ್ರವನ್ನು ಕಂಡು ಜನ ಸುಮ್ಮನೆ ಹಿಂದಿರುಗುತ್ತಿದ್ದರು. ಕಟ್ಟಡ ಎರಡು ಕಡೆಯೂ ಇತ್ತು. ಅದನ್ನು ತೆರೆಯಿಸಬಲ್ಲ ದನಿ ಒಂದು ಕಡೆ ಮಾತ್ರವಿತ್ತು.

ವಲಸೆಯೂ ಒಂದು ಕಾರಣ. ಜತ್ತದ ಕಡೆಯಿಂದ ಕಬ್ಬಿನ ಕಟಾವಿಗೆ, ಆದವಾನಿಯ ಕಡೆಯಿಂದ ಗುಂಟೂರಿನ ಮೆಣಸಿನ ಹೊಲಗಳಿಗೆ, ಯಾದಗಿರಿ ರಾಯಚೂರುಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಸಂಸಾರ ಸಮೇತ ಹೋಗುವ ಕನ್ನಡ ಕುಟುಂಬಗಳನ್ನು ನೆನೆಯಿರಿ. ಅಂತಹ ತಾಯಿಯ ಹೆಸರು ಒಂದೂರಿನ ಅಂಗನವಾಡಿಯ ಪುಸ್ತಕದಲ್ಲಿ, ಕೂಸು ಇನ್ನೊಂದೂರಿನ ಗುಡಿಸಲಿನಲ್ಲಿ. ಲಸಿಕೆಯ ದಿನ ಬಂದಾಗ ಇಬ್ಬರೂ ಅಲ್ಲಿರುವುದಿಲ್ಲ.

ಸರಾಸರಿಯ ನೆರಳು

ಕೇರಳದ 6 ಎಂಬ ಸಂಖ್ಯೆಯಿಂದ ನಮಗೆ ಹೆಮ್ಮೆಯಿದೆ. ಆದರೆ ಸರಾಸರಿಯೆಂಬುದು ಉದ್ದನೆಯ ನೆರಳು ಚೆಲ್ಲುವ ಮರ. 2013ರಲ್ಲಿ ಪಾಲಕ್ಕಾಡು ಜಿಲ್ಲೆಯ ಅಟ್ಟಪ್ಪಾಡಿಯ ಬುಡಕಟ್ಟು ಹಾಡಿಗಳಲ್ಲಿ ಹಸುಳೆಗಳು ಸಾಲಾಗಿ ಸತ್ತ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಇರುಳ, ಮುಡುಗ, ಕುರುಂಬ ತಾಯಂದಿರಲ್ಲಿ ರಕ್ತಹೀನತೆ, ಕೈಬಿಟ್ಟುಹೋದ ಭೂಮಿ, ರಾಗಿ ಸಾಮೆಗಳ ಬೆಳೆಯ ನಾಶ ಇವು ಬೆಳಕಿಗೆ ಬಂದುವು. ಕನ್ನಡಕ್ಕೆ ಹತ್ತಿರದ ನುಡಿಯಾಡುವ ವಯನಾಡಿನ ಕಾಟ್ಟುನಾಯಕರ ಸ್ಥಿತಿಯೂ ಅಟ್ಟಪ್ಪಾಡಿಯವರ ಸ್ಥಿತಿಗಿಂತ ಬಹಳ ಬೇರೆಯೇನಲ್ಲ. ರಾಜ್ಯದ ಒಟ್ಟು ಅಂಕಿಯಲ್ಲಿ ಈ ಕೂಸುಗಳು ಕಾಣಿಸುವುದೇ ಇಲ್ಲ.

ನಮ್ಮ ಕಾಸರಗೋಡು ಜಿಲ್ಲೆ 1984ರಲ್ಲಿ ರೂಪುಗೊಂಡಿತು. ಇಂದು ಶಿಶುಮರಣದ ಬಹುಭಾಗ ಹುಟ್ಟಿದ 28 ದಿನಗಳೊಳಗೆ ಸಂಭವಿಸುತ್ತದೆ; ಆ ಕೂಸುಗಳನ್ನು ಉಳಿಸಲು ಬೇಕಾದುದು ಸಮೀಪದ ಸುಸಜ್ಜಿತ ಆಸ್ಪತ್ರೆ. ಗಂಭೀರ ಪ್ರಸಂಗಗಳಿಗೆ ಈ ಜಿಲ್ಲೆಯ ಉತ್ತರಭಾಗದವರು ತಲೆತಲಾಂತರದಿಂದ ನಂಬಿದ್ದು ಮಂಗಳೂರನ್ನು. 2020ರ ಮಾರ್ಚ್ ತಿಂಗಳಲ್ಲಿ ಸೋಂಕಿನ ಭಯದಿಂದ ತಲಪಾಡಿಯ ದಾರಿ ಮುಚ್ಚಿದಾಗ ರೋಗಿಗಳು ಗಡಿಯಲ್ಲೇ ತಡೆಯಲ್ಪಟ್ಟರು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದುದು 2013ರಲ್ಲಿ. ರಾಜಧಾನಿಯಿಂದ ದೂರವಿರುವ ಅಂಚಿನ ನೆಲಕ್ಕೆ ಸೌಲಭ್ಯ ಕಡೆಯಲ್ಲಿ ಬರುತ್ತದೆಂಬ ಮಲಬಾರಿನ ಹಳೆಯ ಅನುಭವ ಇಂದಿಗೂ ಮುಗಿದಿಲ್ಲ.

ನಮ್ಮ ಪಾಲಿನ ಕರ್ತವ್ಯ

ಈ ಎಲ್ಲ ವಿವೇಚನೆಯಿಂದ ಏನನ್ನು ಗ್ರಹಿಸಬೇಕು? 1956ರ ಗಡಿಯಿಂದ ನಮ್ಮ ಭಾಷೆಗೆ ನಷ್ಟವಾಯಿತೆಂಬುದು ಸತ್ಯ. ಆ ನೋವನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ. ಅದೇ ಗಡಿಯೊಳಗೆ ನಮ್ಮ ಮಕ್ಕಳು ಬದುಕಿ ಉಳಿದರೆಂಬುದೂ ಸತ್ಯ. ಅದನ್ನೂ ಚರಿತ್ರೆ ಬರೆದುಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಹೇಳುವ ಪ್ರಾಮಾಣಿಕತೆ ಗಡಿನಾಡಿನ ಬರಹಗಾರನಿಗೆ ಇರಬೇಕು.

ಗಡಚಿರೋಲಿಯ ಹಳ್ಳಿಗಳಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಮನೆಯಲ್ಲೇ ನವಜಾತ ಶಿಶುಗಳ ಆರೈಕೆ ನಡೆಸಿದಾಗ ಮೂರನೆಯ ವರ್ಷದ ಹೊತ್ತಿಗೆ ನವಜಾತ ಮರಣ ಶೇಕಡ 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. ಆ ಹೆಂಗಸರು ತಾಯಂದಿರ ಮಾತಿನಲ್ಲೇ ಮಾತನಾಡುತ್ತಿದ್ದರು. ಇದರಲ್ಲಿ ನಮ್ಮ ಸಂಘಗಳಿಗೊಂದು ಕೆಲಸವಡಗಿದೆ. ಕೇರಳದ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ಒಪ್ಪಿಕೊಂಡಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಭರವಸೆಯನ್ನು ಸಂವಿಧಾನದ 350ಎ ವಿಧಿ ಕೊಟ್ಟಿದೆ. ಈ ಹಕ್ಕುಗಳನ್ನು ನಾವು ಕಚೇರಿಯ ಫಲಕಕ್ಕೂ ಪಠ್ಯಪುಸ್ತಕಕ್ಕೂ ಸೀಮಿತಗೊಳಿಸಬಾರದು. ಬಸುರಿಯ ಕೈಗೆ ಕೊಡುವ ತಾಯಿಕಾರ್ಡು, ಲಸಿಕೆಯ ಪಟ್ಟಿ, ಓ.ಆರ್.ಎಸ್. ಪೊಟ್ಟಣದ ಸೂಚನೆ, ಆಶಾ ಕಾರ್ಯಕರ್ತೆಯ ಮಾತು ಇವು ಮಂಜೇಶ್ವರದಲ್ಲಿ, ಅಕ್ಕಲಕೋಟೆಯಲ್ಲಿ, ಆದವಾನಿಯಲ್ಲಿ, ತಾಳವಾಡಿಯಲ್ಲಿ ಕನ್ನಡ ಬಲ್ಲ ತಾಯಿಗೆ ಕನ್ನಡದಲ್ಲಿ ದೊರೆಯಬೇಕೆಂದು ಕೇಳಬೇಕು. ಕೇಳುವುದಕ್ಕೆ ಮೊದಲು ನಮ್ಮ ನಮ್ಮ ಪಂಚಾಯತಿನ ಜನನ ಮರಣಗಳ ಪುಸ್ತಕವನ್ನು ನೋಡಬೇಕು: ಕಳೆದ ವರ್ಷ ಎಷ್ಟು ಕೂಸುಗಳು ತೀರಿದವು, ಯಾವ ಕೇರಿಯಲ್ಲಿ, ಯಾವ ತಿಂಗಳಲ್ಲಿ?

ಪ್ರತಿವರ್ಷ ಸಮ್ಮೇಳನದ ಕೊನೆಯಲ್ಲಿ ನಿರ್ಣಯಗಳನ್ನು ಓದುವ ಸಂಪ್ರದಾಯ ನಮ್ಮಲ್ಲಿದೆ. ಕನ್ನಡ ಶಾಲೆಗಳಿಗೆ ಅಧ್ಯಾಪಕರನ್ನು ನೇಮಿಸಬೇಕೆಂಬ ನಿರ್ಣಯದ ಪಕ್ಕದಲ್ಲಿ ಹೆರಿಗೆ ವಾರ್ಡಿಗೆ ಕನ್ನಡ ಬಲ್ಲ ದಾದಿಯರನ್ನು ನೇಮಿಸಬೇಕೆಂಬ ನಿರ್ಣಯವೂ ಸೇರಲಿ. ಭಾಷೆ ಉಳಿಯುವುದು ಅದನ್ನಾಡುವ ಮಕ್ಕಳು ಉಳಿದರೆ.